ಬಣ್ಣದ ಕೆಳಗಿನ ತುಕ್ಕು

ದೋಷವನ್ನು ಮುಚ್ಚುವುದು ಬೇರೆ, ದೋಷವನ್ನು ಕಳೆಯುವುದು ಬೇರೆ. ಇವೆರಡರ ಭೇದವು ಮಾತಿನಲ್ಲಿ ಎಲ್ಲರಿಗೂ ತಿಳಿದಿರುವುದಷ್ಟೆ. ಆದರೆ ಕೆಲಸದ ಹೊತ್ತಿನಲ್ಲಿ, ಅದರಲ್ಲಿಯೂ ನೋಡುವವರಿಲ್ಲದ ಎಡೆಯಲ್ಲಿ, ಆ ಭೇದವನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಮುಚ್ಚಿದ ದೋಷವೂ ಕಳೆದ ದೋಷವೂ ಕೆಲವು ಕಾಲ ಕಣ್ಣಿಗೆ ಒಂದೇ ತೆರನಾಗಿ ತೋರುವುವು. ಹೀಗಿರುವಾಗ ಅಧಿಕ ಶ್ರಮಪಟ್ಟು ಕಳೆಯುವುದೇಕೆ, ಮುಚ್ಚಿದರೆ ಸಾಲದೆ ಎಂಬ ಪ್ರಶ್ನೆ ಏಳುವುದು. ಈ ಪ್ರಶ್ನೆಯನ್ನು ಬರಿಯ ತತ್ತ್ವದ ಮಾತಿನಲ್ಲಿ ಚರ್ಚಿಸುವುದಕ್ಕಿಂತ, ಗೃಹಸ್ಥನ ಅಂಗಳದಲ್ಲಿಯೇ ನಿಂತಿರುವ ಒಂದು ವಸ್ತುವಿನ ಮೂಲಕ ವಿಚಾರಿಸುವುದು ಮೇಲು. ಆ ವಸ್ತುವು ಒಂದು ಹಳೆಯ ಮೋಟಾರು ಕಾರು.

ಕರಾವಳಿಯ ಒಂದು ಊರಿನಲ್ಲಿ ಒಬ್ಬ ಗೃಹಸ್ಥನಿರುವನೆಂದು ಭಾವಿಸೋಣ. ಅವನ ತಂದೆ ಕೊಂಡಿದ್ದ ಅಂಬಾಸಿಡರ್ ಕಾರು ಮನೆಯ ಪಕ್ಕದ ಮಾಡಿನ ಕೆಳಗೆ ನಿಂತಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ, ಹಿಂದೂಸ್ಥಾನ್ ಮೋಟರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಈ ಕಾರನ್ನು ನಿರ್ಮಿಸಿತು. ಮಂತ್ರಿಗಳಿಂದ ಮೊದಲ್ಗೊಂಡು ಬಾಡಿಗೆಯ ಚಾಲಕರವರೆಗೆ ಎಲ್ಲರೂ ಅದನ್ನು ಬಳಸಿದರು. ಎಷ್ಟೋ ಮನೆಗಳಲ್ಲಿ ಮದುವಣಿಗಿತ್ತಿ ಅದರಲ್ಲಿ ಬಂದಳು. ಹಸುಳೆ ಆಸ್ಪತ್ರೆಯಿಂದ ಅದರಲ್ಲಿಯೇ ಮನೆಗೆ ಬಂದಿತು. ಆದುದರಿಂದ ಆ ಗೃಹಸ್ಥನಿಗೆ ಅದು ಕೇವಲ ತಗಡಿನ ಪೆಟ್ಟಿಗೆಯಲ್ಲ. ಅದನ್ನು ತನ್ನ ಕೈಯಿಂದಲೇ ಸರಿಪಡಿಸಬೇಕೆಂದು ಅವನು ಸಂಕಲ್ಪಿಸುತ್ತಾನೆ. ಬಾಗಿಲಿನ ಕೆಳತುದಿಯಲ್ಲಿ ಬಣ್ಣವು ಅಲ್ಲಲ್ಲಿ ಗುಳ್ಳೆಯೆದ್ದಿದೆ. ಅದೇನು ದೊಡ್ಡದಲ್ಲವೆಂದು ಉಗುರಿನಿಂದ ಒತ್ತಿದರೆ ಗುಳ್ಳೆಯು ಒಡೆದು, ಕೆಂಪು ಹುಡಿ ಉದುರಿ, ಬೆರಳು ಒಳಕ್ಕೆ ಹೋಗುತ್ತದೆ.

ಆ ಗುಳ್ಳೆ ಏತಕ್ಕೆ ಎದ್ದಿತು? ಕಬ್ಬಿಣವು ನೀರಿನ ಪಸೆಯನ್ನೂ ಗಾಳಿಯಲ್ಲಿರುವ ಆಮ್ಲಜನಕವನ್ನೂ ಕೂಡಿ ತುಕ್ಕಾಗುತ್ತದೆ. ಉಪ್ಪು ಬೆರೆತರೆ ಈ ಕ್ರಿಯೆಯು ತೀವ್ರವಾಗುವುದು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಕಡಲಿನ ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ಕಬ್ಬಿಣಕ್ಕೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಅಲ್ಯುಮಿನಿಯಮ್ ಲೋಹದ ಮೇಲೆ ಏಳುವ ಪೊರೆಯು ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸಡಿಲವಾಗಿ, ಸೂಕ್ಷ್ಮರಂಧ್ರಗಳಿಂದ ಕೂಡಿ, ಪಸೆಯನ್ನು ಹಿಡಿದಿಟ್ಟುಕೊಂಡು ಒಳಗಿನ ಲೋಹವನ್ನೂ ತಿನ್ನುತ್ತದೆ. ಅಲ್ಲದೆ ತಾನು ಯಾವ ಕಬ್ಬಿಣದಿಂದ ಹುಟ್ಟಿತೋ ಅದಕ್ಕಿಂತ ಹಲವು ಪಟ್ಟು ಹೆಚ್ಚಿನ ಜಾಗವನ್ನು ಬಯಸುತ್ತದೆ. ಆದುದರಿಂದಲೇ ಬಣ್ಣವನ್ನು ಒಳಗಿನಿಂದ ಎತ್ತಿ ಗುಳ್ಳೆಯಾಗಿಸುತ್ತದೆ. ಹೊರಗೆ ಗುಳ್ಳೆ ಕಾಣುವ ವೇಳೆಗೆ ಒಳಗಿನ ಕೆಲಸವು ಬಹುದಿನಗಳಿಂದ ನಡೆದಿರುವುದು. ಕಣ್ಣಿಗೆ ಕಂಡದ್ದು ರೋಗದ ಆದಿಯಲ್ಲ, ಅದರ ಕೊನೆಯ ಹಂತ.

ಇನ್ನು ತುಕ್ಕು ಎಲ್ಲಿ ನೆಲೆಸುವುದೆಂದು ವಿಚಾರಿಸೋಣ. ಮೇಲಿನಿಂದ ಮಿರುಗುವ ಬಾನೆಟ್ಟಿನಲ್ಲಿ ಅದು ಬಹಳವಾಗಿ ನೆಲೆಸುವುದಿಲ್ಲ. ಕಾಲ ಕೆಳಗಿನ ರಬ್ಬರು ಹಾಸಿನ ಅಡಿಯಲ್ಲಿ, ನೀರು ಇಳಿಯುವ ಕಂಡಿಯು ಕಸದಿಂದ ಕಟ್ಟಿದ ಬಾಗಿಲಿನ ತಳದಲ್ಲಿ, ಕೆಸರು ಮೆತ್ತಿದ ಮಡ್‌ಗಾರ್ಡಿನ ಒಳಮೈಯಲ್ಲಿ, ಬ್ಯಾಟರಿಯ ಆಮ್ಲ ಚೆಲ್ಲಿದ ತಟ್ಟೆಯಲ್ಲಿ, ಡಿಕ್ಕಿಯೊಳಗೆ ಹೆಚ್ಚುವರಿ ಚಕ್ರವಿಡುವ ಗುಳಿಯಲ್ಲಿ ಅದರ ವಾಸ. ಎಲ್ಲವೂ ಮರೆಯ ಎಡೆಗಳೇ. ಈ ಕಾರಿಗೆ ಲಾರಿಗಿರುವಂತೆ ಬೇರೊಂದು ಚಾಸಿಯಿಲ್ಲವೆಂಬುದನ್ನೂ ಇಲ್ಲಿ ನೆನೆಯತಕ್ಕದ್ದು. ಒಡಲೇ ಅದರ ಬೆನ್ನೆಲುಬು. ಬಾಗಿಲುಗಳ ಕೆಳಗೆ ಹೊಸ್ತಿಲಿನಂತೆ ಹಾದುಹೋಗುವ ಟೊಳ್ಳು ತೊಲೆಗಳೂ ನೆಲದ ತಗಡೂ ಕೂಡಿ ಭಾರವನ್ನು ಹೊರುವುವು. ಹಿಂದಿನ ಲೀಫ್ ಸ್ಪ್ರಿಂಗುಗಳು ಈ ಒಡಲಿಗೇ ಕಟ್ಟಲ್ಪಟ್ಟಿವೆ. ಹೀಗಿರುವುದರಿಂದ ಕಾಣದ ಎಡೆಯ ತುಕ್ಕು ಅಂದಕ್ಕೆ ಮಾತ್ರ ಕುಂದಲ್ಲ. ಒಳಗೆ ಕುಳಿತವರ ಪ್ರಾಣವು ಅದನ್ನೇ ನಂಬಿರುವುದು.

ಇಲ್ಲಿ ಒಂದು ಪೂರ್ವಪಕ್ಷ ಏಳುವುದು. "ತೂತಿಗೆ ಬಲೆತಂತಿಯನ್ನು ತುರುಕಿ, ಮೇಲೆ ಪುಟ್ಟಿ ಮೆತ್ತಿ, ಉಜ್ಜಿ ನಯಮಾಡಿ ಬಣ್ಣ ಹೊಡೆದರೆ ಎರಡು ದಿನದಲ್ಲಿ ಕೆಲಸ ಮುಗಿಯುವುದು. ಕಾರು ಹೊಸದರಂತೆ ಹೊಳೆಯುವುದು. ಕೊಳ್ಳುವವನು ಕಣ್ಣಿನಿಂದ ನೋಡಿ ಕೊಳ್ಳುವನಲ್ಲದೆ ತಗಡನ್ನು ಬಿಚ್ಚಿ ನೋಡಿ ಕೊಳ್ಳುವುದಿಲ್ಲ. ಲೋಕವೆಲ್ಲ ಹೀಗೆಯೇ ನಡೆಯುತ್ತಿರುವಾಗ ಒಬ್ಬನು ಮಾತ್ರ ಆರು ತಿಂಗಳು ಮೈಮುರಿಯುವುದರಿಂದ ಬಂದ ಫಲವೇನು?" ಈ ಮಾತನ್ನು ಹೇಳುವವರು ದುಷ್ಟರೇನೂ ಅಲ್ಲ. ಆ ಗೃಹಸ್ಥನ ಮೇಲಿನ ಕನಿಕರದಿಂದಲೇ ಹೇಳುವರು. ಆದುದರಿಂದ ಇದಕ್ಕೆ ಸಮಾಧಾನವನ್ನು ಹೇಳಲೇಬೇಕು.

ಸಮಾಧಾನವೇನೆಂದರೆ, ಪುಟ್ಟಿಯು ಸ್ವತಃ ಕೆಟ್ಟ ವಸ್ತುವಲ್ಲ. ಗಟ್ಟಿಯಾದ ತಗಡಿನ ಮೇಲಿನ ಸಣ್ಣ ತಗ್ಗನ್ನು ಸಮಮಾಡುವುದಕ್ಕೆ ಅದು ಹುಟ್ಟಿದೆ. ಅದನ್ನೇ ತಗಡಿನ ಸ್ಥಾನದಲ್ಲಿ ನಿಲ್ಲಿಸಿದರೆ, ಇಲ್ಲದ ಬಲವನ್ನು ಇದೆಯೆಂದು ತೋರಿಸಿದಂತಾಯಿತು. ಅದು ಬಾಯಿಂದಾಡದ ಸುಳ್ಳು. ಕಬ್ಬಿಣವಂತೂ ಆ ಸುಳ್ಳನ್ನು ಒಪ್ಪುವುದಿಲ್ಲ. ಪುಟ್ಟಿಯ ಹಿಂದೆ ಪಸೆಯು ಸೇರಿ, ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆಯು ಮೊದಲಿಗಿಂತ ಅಗಲವಾಗಿ ಏಳುವುದು. ಆದರೆ ಅಷ್ಟರಲ್ಲಿ ಕಾರು ಬೇರೆಯವನ ಮನೆಯನ್ನು ಸೇರಿರಬಹುದು. ಹಿಂದಿನ ಪೀಠದಲ್ಲಿ ಅವನ ಮಕ್ಕಳು ಕುಳಿತಿರಬಹುದು. ಮುಚ್ಚಿದವನಿಗೆ ದೊರೆತದ್ದು ಎರಡು ದಿನದ ಕೆಲಸ ಮತ್ತು ಒಳ್ಳೆಯ ಬೆಲೆ. ಅದರ ಸಾಲವನ್ನು ತೀರಿಸುವವನು ಅದನ್ನರಿಯದ ಇನ್ನೊಬ್ಬನು. ಲೋಕರೂಢಿಯೆಂಬ ಮಾತು ಈ ಸಾಲವನ್ನು ತೀರಿಸಲಾರದು.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲು ಬಿಚ್ಚಿ ನೋಡುವುದು. ಪೀಠಗಳನ್ನೂ ಹಾಸುಗಳನ್ನೂ ತೆಗೆದು, ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು. ಗಟ್ಟಿ ತಗಡು ಕಂಚಿನಂತೆ ನುಡಿಯುವುದು. ಕೊಳೆತದ್ದು ಮಂಕಾಗಿ ಸದ್ದುಮಾಡುವುದು. ಈ ಹಂತದಲ್ಲಿ ಮನಸ್ಸು ಕುಗ್ಗುವುದು. ಅಂಗೈಯಗಲವೆಂದು ತಿಳಿದ ದೋಷವು ಮೊಳದುದ್ದವಾಗಿ ಹೊರಬರುವುದು. ಇಲ್ಲಿಯೇ ಅನೇಕರು ಹಾಸನ್ನು ಮತ್ತೆ ಹಾಸಿ ಸುಮ್ಮನಾಗುವರು. ನೋಡಲು ಹೆದರುವುದೇ ಮುಚ್ಚುವುದರ ಮೊದಲ ಮೆಟ್ಟಿಲು.

ಕೆಲಸಕ್ಕೆ ತೊಡಗುವವನು ಪ್ರಾಣಾಪಾಯದ ಎಡೆಗಳನ್ನು ಮೊದಲೇ ಅರಿತಿರತಕ್ಕದ್ದು. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಎಂದಿಗೂ ತೂರಬಾರದು; ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಅದನ್ನು ಕೂರಿಸಬೇಕು. ಬೆಸುಗೆಗೆ ಮುನ್ನ ಬ್ಯಾಟರಿಯ ತಂತಿಯನ್ನು ಕಳಚಿ, ಪೆಟ್ರೋಲಿನ ಟ್ಯಾಂಕನ್ನು ಬಿಚ್ಚಿ ದೂರವಿಡಬೇಕು. ಬರಿದಾದ ಟ್ಯಾಂಕು ನಿರಪಾಯವೆಂಬುದು ಭ್ರಾಂತಿ. ಅದರಲ್ಲಿ ಉಳಿದ ಆವಿಯೇ ಸಿಡಿಯುವುದು. ಹೊಸ್ತಿಲಿನ ತೊಲೆಯನ್ನು ಕತ್ತರಿಸುವ ಮೊದಲು ಬಾಗಿಲ ತೆರಪಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಯನ್ನು ಬೆಸೆದು ಆಧಾರ ಕೊಡಬೇಕು. ಇಲ್ಲದಿದ್ದರೆ ಒಡಲು ಜಗ್ಗಿ, ಮುಂದೆ ಬಾಗಿಲುಗಳು ಸರಿಯಾಗಿ ಮುಚ್ಚಲಾರವು. ಕೊಳೆತದ್ದನ್ನು ತೆಗೆಯುವವನು, ಅದು ಹೊತ್ತಿದ್ದ ಭಾರವನ್ನು ಹೊರುವುದಕ್ಕೆ ಮೊದಲೇ ಬೇರೊಂದು ಏರ್ಪಾಟು ಮಾಡಿರಬೇಕೆಂಬುದು ಕಾರಿಗೆ ಮಾತ್ರ ಸಲ್ಲುವ ನೀತಿಯಲ್ಲ.

ಅನಂತರ ಕತ್ತರಿಸುವುದು. ಎಲ್ಲಿಯವರೆಗೆ? ಬೆಳ್ಳಗೆ ಹೊಳೆಯುವ ಗಟ್ಟಿ ಲೋಹ ಸಿಕ್ಕುವವರೆಗೆ. ಮೇರೆಯನ್ನು ನಿರ್ಣಯಿಸುವುದು ಕಬ್ಬಿಣವೇ ಹೊರತು ಮಾಡುವವನ ಅನುಕೂಲವಲ್ಲ. ಕೊಳೆತ ಅಂಚಿಗೆ ಹೊಸ ತಗಡನ್ನು ಬೆಸೆದರೆ ಬೆಸುಗೆಯು ಹಿಡಿಯದೆ ಅಂಚೇ ಉರಿದುಹೋಗುವುದು. ಆದರೆ ಗಟ್ಟಿ ಲೋಹವು ಸಿಕ್ಕಿದ ಮೇಲೆಯೂ ಕತ್ತರಿಸುತ್ತ ಹೋಗುವುದು ಇನ್ನೊಂದು ತಪ್ಪು. ಶುದ್ಧಿಯ ಹುಮ್ಮಸ್ಸಿನಲ್ಲಿ ನಿರ್ದೋಷವಾದದ್ದನ್ನೂ ಎಸೆಯುವವನು ದೋಷವನ್ನು ಉಳಿಸಿಕೊಳ್ಳುವವನಷ್ಟೇ ಅವಿವೇಕಿ. ಕೆಲವೊಮ್ಮೆ ಎಷ್ಟು ಕತ್ತರಿಸಿದರೂ ಗಟ್ಟಿಯಾದದ್ದು ಸಿಕ್ಕದೆ ಹೋಗಬಹುದು. ಆಗ ಈ ಒಡಲು ಇನ್ನು ರಸ್ತೆಗೆ ತಕ್ಕುದಲ್ಲವೆಂದು ಒಪ್ಪಿಕೊಂಡು ಗುಜರಿಗೆ ಕೊಡುವುದೇ ಪ್ರಾಮಾಣಿಕವಾದ ದಾರಿ. ತಂದೆಯ ಮೇಲಿನ ಮಮತೆಯು ಮಕ್ಕಳ ಪ್ರಾಣಕ್ಕಿಂತ ಹೆಚ್ಚಿನದಲ್ಲ.

ಹೊಸ ತಗಡನ್ನು ಒಂದೇ ಎಳೆತದಲ್ಲಿ ಬೆಸೆಯಬಾರದು. ಶಾಖದಿಂದ ತಗಡು ಸೊಟ್ಟಗಾಗುವುದು. ಇಲ್ಲೊಂದು ಚುಕ್ಕಿ, ದೂರದಲ್ಲೊಂದು ಚುಕ್ಕಿ, ನಡುವೆ ಆರುವುದಕ್ಕೆ ಬಿಡುವು: ಹೀಗೆ ತಾಳ್ಮೆಯಿಂದ ಕೂಡಿಸಬೇಕು. ಹೊಳೆಯುವ ಲೋಹವನ್ನು ಕರಾವಳಿಯ ಗಾಳಿಗೆ ಬರಿದಾಗಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದರ ಮೇಲೆ ಕೆಂಪು ಮೂಡಬಹುದು. ಆದುದರಿಂದ ಅಂದೇ ಸತುವಿನ ಪ್ರೈಮರನ್ನು ಬಳಿಯುವುದು ಉಚಿತ. ಕಬ್ಬಿಣಕ್ಕೆ ತಗಲಿಕೊಂಡಿರುವ ಸತುವು ಪಸೆಯು ಬಂದಾಗ ತಾನೇ ಮೊದಲು ಸವೆದು ಕಬ್ಬಿಣವನ್ನು ಉಳಿಸುವುದು. ಗ್ಯಾರೇಜುಗಳಲ್ಲಿ ಬಳಸುವ ರೆಡ್ ಆಕ್ಸೈಡ್ ಎಂಬ ಕೆಂಪು ಪ್ರೈಮರಿನಲ್ಲಿಯೂ ಒಂದು ಸೋಜಿಗವಿದೆ. ಅದರ ಕೆಂಪು ಕಬ್ಬಿಣದ ಆಕ್ಸೈಡೇ, ತುಕ್ಕಿನ ಬಂಧುವೇ. ಸಡಿಲವಾಗಿದ್ದಾಗ ತಿನ್ನುವ ವಸ್ತುವು ಎಣ್ಣೆಯ ಕಟ್ಟಿಗೆ ಒಳಪಟ್ಟಾಗ ಕಾಯುವ ಹೊದಿಕೆಯ ಭಾಗವಾಗುವುದು. ಕೊನೆಗೆ ಟೊಳ್ಳು ತೊಲೆಗಳ ಒಳಕ್ಕೆ, ಯಾರ ಕಣ್ಣೂ ಎಂದೂ ಹೋಗದ ಎಡೆಗೆ, ಮೇಣದಂಥ ಎಣ್ಣೆಯನ್ನು ಸಿಂಪಡಿಸಬೇಕು. ಇಡೀ ಕೆಲಸದಲ್ಲಿ ಮೆಚ್ಚುಗೆಯನ್ನು ತರದ ಹಂತವಿದು; ಕಾರಿನ ಆಯುಸ್ಸನ್ನು ಬಹಳವಾಗಿ ನಿರ್ಣಯಿಸುವುದೂ ಇದೇ.

ಇಷ್ಟಾದ ಮೇಲೆ ಮತ್ತೊಂದು ಶಂಕೆ. ನೆಲದ ತಗಡು ಹೊಸದು, ತೊಲೆ ಹೊಸದು, ಬಾಗಿಲ ತಳ ಹೊಸದು. ಇದು ತಂದೆಯ ಕಾರೇ ಹೌದೆ? ಮಿಲಿಂದ ರಾಜನ ಪ್ರಶ್ನೆಗಳೆಂಬ ಪ್ರಾಚೀನ ಪಾಳಿ ಗ್ರಂಥದಲ್ಲಿ ನಾಗಸೇನನೆಂಬ ಭಿಕ್ಷುವು ರಥದ ನಿದರ್ಶನದಿಂದ ಇಂತಹುದೇ ವಿಚಾರವನ್ನೆತ್ತಿದನು. ಗಾಲಿಯೊಂದೇ ರಥವಲ್ಲ, ಅಚ್ಚೊಂದೇ ರಥವಲ್ಲ. ಅಂಗಗಳು ಕ್ರಮವಾಗಿ ಕೂಡಿದಲ್ಲಿ ರಥವೆಂಬ ಹೆಸರು ಸಲ್ಲುವುದೆಂದು ಅವನ ಅಭಿಪ್ರಾಯ. ಇಂದಿನ ಕಾನೂನು ಈ ಪ್ರಶ್ನೆಯನ್ನು ಬೇರೊಂದು ಕಡೆಯಿಂದ ಮುಟ್ಟಿದೆ. ಖಾಸಗಿ ಕಾರಿನ ನೋಂದಣಿಯು 15 ವರ್ಷಗಳಿಗೆ ಮುಗಿದು, ಅನಂತರ ತಪಾಸಣೆಯಾಗಿ 5 ವರ್ಷಗಳಿಗೊಮ್ಮೆ ನವೀಕರಣವಾಗತಕ್ಕದ್ದು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷಗಳನ್ನು ಮೀರಿ, ಚಾಸಿ, ಒಡಲು, ಎಂಜಿನುಗಳಲ್ಲಿ ಗಣನೀಯ ಮಾರ್ಪಾಟಿಲ್ಲದೆ ಮೂಲರೂಪದಲ್ಲಿ ಉಳಿದ ವಾಹನವು ವಿಂಟೇಜ್ ಎಂಬ ಮನ್ನಣೆಯನ್ನು ಪಡೆಯಬಹುದು. ಕಾನೂನಿಗೆ ಬೇಕಾದದ್ದು ರೂಪದ ನಿಷ್ಠೆ. ಆ ಗೃಹಸ್ಥನಿಗೆ ಬೇಕಾದದ್ದೂ ಬಹುಮಟ್ಟಿಗೆ ಅದೇ. ತಂದೆಯು ಹಿಡಿದ ಸ್ಟಿಯರಿಂಗ್ ಚಕ್ರ ಉಳಿದಿದೆ. ಬಾಗಿಲು ಮುಚ್ಚುವಾಗಿನ ಆ ಗಟ್ಟಿ ಸದ್ದು ಉಳಿದಿದೆ. ಕೊಳೆತ ತಗಡನ್ನು ತಂದೆಯ ನೆನಪೆಂದು ಉಳಿಸಿಕೊಳ್ಳುವುದು ಭಕ್ತಿಯಲ್ಲ. ತಂದೆ ಅದನ್ನು ಕೊಂಡದ್ದು ಮನೆಯವರನ್ನು ಕ್ಷೇಮವಾಗಿ ಕರೆದೊಯ್ಯುವುದಕ್ಕಾಗಿ. ಆ ಉದ್ದೇಶವು ನಡೆಯುವಂತೆ ಮಾಡುವುದೇ ತಂದೆಯ ವಸ್ತುವನ್ನು ಉಳಿಸಿದಂತೆ.

ಒಂದು ವೇಳೆ ಮಾರುವ ಪ್ರಸಂಗ ಬಂದರೆ ಏನು ಮಾಡಬೇಕು? ಮಾಡಿದ್ದನ್ನು ಹೇಳಬೇಕು. ಬಿಚ್ಚಿದಾಗಲೇ ತೆಗೆದ ಛಾಯಾಚಿತ್ರಗಳನ್ನು ಕೊಳ್ಳುವವನ ಮುಂದಿಟ್ಟು, ಇಲ್ಲಿ ಕೊಳೆತಿತ್ತು, ಇಷ್ಟು ಕತ್ತರಿಸಿದೆ, ಇಲ್ಲಿ ಮಾತ್ರ ಪುಟ್ಟಿ ಇದೆ ಎಂದು ತೋರಿಸಬೇಕು. ಇದರಿಂದ ಬೆಲೆಯು ತಗ್ಗಿದರೂ ತಗ್ಗಬಹುದು. ಸತ್ಯವು ಯಾವಾಗಲೂ ಲಾಭವನ್ನೇ ತರುವುದೆಂದು ಹೇಳುವುದೂ ಒಂದು ಬಗೆಯ ಬಣ್ಣವೇ. ಆದರೆ ತಗ್ಗಿದ ಬೆಲೆಗೆ ಕೊಟ್ಟವನ ಮನೆಗೆ ಮಳೆಗಾಲದ ರಾತ್ರಿಯಲ್ಲಿ ನಿದ್ರೆ ಬರುವುದು.

ತುಕ್ಕನ್ನು ಎಂದೆಂದಿಗೂ ಗೆದ್ದೆನೆಂದು ಯಾರೂ ಹೇಳಲಾರರು. ದಿಲ್ಲಿಯ ಕಬ್ಬಿಣದ ಸ್ತಂಭವು ಸುಮಾರು 1600 ವರ್ಷಗಳಿಂದ ನಿಂತಿದೆ; ಕಬ್ಬಿಣದಲ್ಲಿ ಹೆಚ್ಚಾಗಿ ಉಳಿದ ರಂಜಕವು ಅದರ ಮೇಲೆ ಕಾಯುವ ಪೊರೆಯನ್ನು ಕಟ್ಟಿದೆಯೆಂದು ಶೋಧಕರು ಕಂಡುಕೊಂಡಿದ್ದಾರೆ. ನಮ್ಮ ಕೊಡಚಾದ್ರಿಯಲ್ಲಿಯೂ ಮಲೆನಾಡಿನ ಮಳೆಗೆ ಮೈಯೊಡ್ಡಿ ಒಂದು ಕಬ್ಬಿಣದ ಕಂಬ ನಿಂತಿದೆ. ಅವುಗಳ ರಕ್ಷಣೆಯು ಅವುಗಳ ಒಡಲಿನಿಂದಲೇ ಬಂದದ್ದು. ಕಾರಿನ ತೆಳುವಾದ ತಗಡಿಗೆ ಆ ಭಾಗ್ಯವಿಲ್ಲ; ಅದನ್ನು ಕಾಯುವುದು ಒಡೆಯನ ಎಚ್ಚರವೊಂದೇ. ಪ್ರತಿ ಮಳೆಗಾಲದ ಮುನ್ನ ನೀರಿನ ಕಂಡಿಗಳನ್ನು ಬಿಡಿಸಬೇಕು. ಮಳೆ ಮುಗಿದ ಮೇಲೆ ಹಾಸನ್ನು ಎತ್ತಿ ಒಣಗಿಸಬೇಕು. ಎಲ್ಲಿಯಾದರೂ ಬಣ್ಣ ಉಬ್ಬಿದೆಯೇ ಎಂದು ಕೈಯಾಡಿಸಿ ನೋಡಬೇಕು. ಗೃಹಸ್ಥನು ತನ್ನ ಮಾತು, ವ್ಯವಹಾರ, ಮನೆತನದ ಹೆಸರು ಇವುಗಳಲ್ಲಿ ಎದ್ದ ಗುಳ್ಳೆಗಳನ್ನೂ ಹೀಗೆಯೇ ಸಕಾಲದಲ್ಲಿ ಒತ್ತಿ ನೋಡಿದರೆ, ಅಂಗೈಯಗಲದ ದೋಷವು ಮೊಳದುದ್ದವಾಗಿ ಬೆಳೆಯುವುದಿಲ್ಲ.