ಹಿಂದೆ ಬರುವವನ ಬೋಲ್ಟು

ಒಂದು ಬೋಲ್ಟಿನ ತಲೆಗೆ ಒಂದೂವರೆ ಮಿಲಿಮೀಟರ್ ತೂತು ಕೊರೆಯೋಕೆ ಎಷ್ಟು ಡ್ರಿಲ್ ಬಿಟ್ ಬೇಕು? ಮೊದಲ ಸಲ ನನಗೆ ನಾಲ್ಕು ಬೇಕಾದವು. ನಾಲ್ಕೂ ತೂತಿನ ಒಳಗೇ ಮುರಿದು ಕೂತವು, ಜೊತೆಗೆ ಮೂರು ಬೋಲ್ಟು ಗುಜರಿ ಸೇರಿದವು. ಐದನೇ ಬಿಟ್ ತರೋ ಬದಲು ಮೈಸೂರು ರಸ್ತೆ ಕಡೆಯ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿದ್ದ ಭಾಯ್ ನನ್ನ ಬೋಲ್ಟುಗಳನ್ನ ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಕಂಪ್ಯೂಟರ್ ಕೆಲಸಾನಾ?"

ರೇಸ್ ಟ್ರ್ಯಾಕಿಗೆ ಬೈಕ್ ಇಳಿಸಬೇಕು ಅಂದರೆ ಕೆಲವು ಬೋಲ್ಟುಗಳಿಗೆ ತೂತು ಕೊರೆದು, ಸ್ಟೀಲ್ ತಂತಿ ಪೋಣಿಸಿ ಕಟ್ಟಬೇಕು. ಎಂಜಿನ್ ಆಯಿಲ್ ಇಳಿಸೋ ಡ್ರೈನ್ ಬೋಲ್ಟು, ಆಯಿಲ್ ತುಂಬೋ ಮುಚ್ಚಳ, ಆಯಿಲ್ ಫಿಲ್ಟರ್, ಬ್ರೇಕ್ ಕ್ಯಾಲಿಪರ್ ಹಿಡಿದಿರೋ ಬೋಲ್ಟುಗಳು, ಹೀಗೆ. ಇದನ್ನ ಸೇಫ್ಟಿ ವೈರಿಂಗ್ ಅಂತಾರೆ. ವಿಮಾನದ ಎಂಜಿನ್‌ಗಳಲ್ಲೂ ಇದೇ ಪದ್ಧತಿ. ಕಂಪನಕ್ಕೆ ಬೋಲ್ಟು ಸಡಿಲ ಆದರೂ ಕಳಚಿ ಬೀಳಬಾರದು ಅನ್ನೋದು ಉದ್ದೇಶ.

ಭಾಯ್ ಕಲಿಸಿದ್ದು ಇಷ್ಟು. ಬೋಲ್ಟಿನ ತಲೆಯ ಚಪ್ಪಟೆ ಮುಖದ ಮೇಲೆ ಮೊದಲು ಪಂಚ್ ಹೊಡೆದು ಸಣ್ಣ ಕುಳಿ ಮಾಡಬೇಕು, ಇಲ್ಲದಿದ್ದರೆ ಬಿಟ್ ಜಾರುತ್ತೆ. ಡ್ರಿಲ್ ನಿಧಾನ ತಿರುಗಬೇಕು, ಒತ್ತಡ ಮಾತ್ರ ಬಿಡಬಾರದು. ಸ್ಟೇನ್‌ಲೆಸ್ ಸ್ಟೀಲ್ ಹಟದ ಲೋಹ. ಬಿಟ್ ಕೊರೆಯದೆ ಸುಮ್ಮನೆ ಉಜ್ಜಿದರೆ ಇನ್ನೂ ಗಟ್ಟಿಯಾಗುತ್ತೆ, ಆಮೇಲೆ ಏನು ಮಾಡಿದರೂ ಒಳಗೆ ಬಿಡಲ್ಲ. ಎಣ್ಣೆ ಬಿಡ್ತಾನೇ ಇರಬೇಕು. ಬಿಟ್ ಮುರಿಯೋದು ಯಾವಾಗಲೂ ಆಚೆ ಬದಿಗೆ ಇನ್ನೇನು ತೂತು ಬಿತ್ತು ಅನ್ನೋ ಕ್ಷಣದಲ್ಲಿ, ಯಾಕಂದರೆ ನಾವು ಗೆದ್ದೆವು ಅಂತ ಕೈ ಬಿಗಿ ಸಡಿಲಿಸೋದು ಅಲ್ಲೇ. ಕೊನೆಗೆ ದೊಡ್ಡ ಬಿಟ್‌ನಿಂದ ತೂತಿನ ಅಂಚು ಸವರಬೇಕು. ಹರಿತ ಅಂಚು ಉಳಿದರೆ ಅದೇ ತಂತಿಯನ್ನ ಕತ್ತರಿಸುತ್ತೆ.

ತಂತಿ ಕಟ್ಟೋದು ಇನ್ನೊಂದು ವಿದ್ಯೆ. 0.8 ಮಿಲಿಮೀಟರ್ ತಂತಿ ತೂತಿಗೆ ತೂರಿಸಿ, ಎರಡು ಎಳೆ ಸೇರಿಸಿ ಹೆಣೀಬೇಕು. ಒಂದು ಅಂಗುಲಕ್ಕೆ ಆರರಿಂದ ಎಂಟು ಸುತ್ತು. ಕಮ್ಮಿಯಾದರೆ ಜೋಲಾಡುತ್ತೆ, ಜಾಸ್ತಿಯಾದರೆ ತಂತಿ ದಣಿದು ತುಂಡಾಗುತ್ತೆ. ಬೋಲ್ಟು ಬಿಚ್ಚಿಕೊಳ್ಳೋಕೆ ಹೊರಟರೆ ತಂತಿ ಅದನ್ನ ವಾಪಸ್ ಬಿಗಿಯೋ ದಿಕ್ಕಿಗೇ ಎಳೀಬೇಕು. ದಿಕ್ಕು ತಪ್ಪಿದರೆ ತಂತಿ ಬರೀ ಒಡವೆ.

ಊರಲ್ಲಿ ನಮ್ಮ ಎತ್ತಿನ ಗಾಡಿಗೆ ಕಡಾಣಿ ಇತ್ತು. ಚಕ್ರ ಅಚ್ಚಿನಿಂದ ಕಳಚದಂತೆ ತುದಿಗೆ ಸಿಕ್ಕಿಸೋ ಕಬ್ಬಿಣದ ಕೀಲು. ಗಾಡಿ ಹೂಡೋ ಮುಂಚೆ ಅಜ್ಜ ಎರಡೂ ಕಡೆ ಕೈಯಾಡಿಸಿ ನೋಡ್ತಿದ್ದ. ಸೇಫ್ಟಿ ವೈರ್ ಅಂದರೆ ಇದೇ ತಾನೇ ಅಂತ ಮೊದಲು ಅಂದುಕೊಂಡಿದ್ದೆ. ಅಲ್ಲ. ಕಡಾಣಿ ಬಿದ್ದರೆ ಮಗುಚೋದು ನಮ್ಮ ಗಾಡಿ, ಮಣ್ಣು ಮುಕ್ಕೋರು ನಾವು. ಡ್ರೈನ್ ಬೋಲ್ಟು ಬಿದ್ದರೆ ನನ್ನಂಥ 150 ಸಿಸಿ ಬೈಕಿನಿಂದಲೂ ಹೆಚ್ಚೂಕಡಿಮೆ ಒಂದು ಲೀಟರ್ ಎಣ್ಣೆ ರಸ್ತೆಗೆ ಇಳಿಯುತ್ತೆ. ನನ್ನದೇ ಹಿಂದಿನ ಟೈರಿಗೆ ಮೆತ್ತಿಕೊಂಡು ಮೊದಲು ಬೀಳೋನು ನಾನೇ ಇರಬಹುದು. ಆದರೆ ನಾನು ಬಿದ್ದರೆ ಅದು ನನ್ನ ಲೆಕ್ಕ. ನನ್ನ ಹಿಂದೆ, ಮೊಣಕಾಲು ನೆಲಕ್ಕೆ ತಾಗೋವಷ್ಟು ವಾಲಿ ಅದೇ ತಿರುವಿಗೆ ಬರೋನು ನನ್ನ ಬೋಲ್ಟನ್ನ ಯಾವತ್ತೂ ಕಂಡಿರಲ್ಲ. ರೇಸ್ ನಿಯಮಗಳು ಬೈಕಿನ ಹೊಟ್ಟೆ ಕೆಳಗಿನ ಕವಚ ಎಣ್ಣೆ ಹಿಡಿದಿಟ್ಟುಕೊಳ್ಳೋ ಹಾಗಿರಬೇಕು ಅನ್ನೋದು, ಜಾರೋ ಟ್ರ್ಯಾಕಿಗೆ ಅಂತಲೇ ಹಳದಿ ಮೇಲೆ ಕೆಂಪು ಪಟ್ಟಿಯ ಬೇರೆ ಬಾವುಟ ಇಟ್ಟಿರೋದು, ಎಲ್ಲಾ ಇದೇ ಭಯಕ್ಕೆ.

1973ರ ಮೇ 20ರಂದು ಇಟಲಿಯ ಮೊಂಜಾದಲ್ಲಿ 250 ಸಿಸಿ ರೇಸಿನ ಮೊದಲ ಲ್ಯಾಪಿನಲ್ಲೇ ರೆಂಜೋ ಪಾಸೋಲಿನಿ ಬಿದ್ದ. ಬೆನ್ನಿಗೇ ಇದ್ದ ಯಾರ್ನೊ ಸಾರಿನೆನ್‌ಗೆ ತಪ್ಪಿಸಿಕೊಳ್ಳೋಕೆ ಜಾಗ ಇರಲಿಲ್ಲ. ಇನ್ನೂ ಹಲವರು ಒಬ್ಬರ ಮೇಲೊಬ್ಬರು ಬಂದು ಬಿದ್ದರು. ಪಾಸೋಲಿನಿ, ಸಾರಿನೆನ್ ಇಬ್ಬರೂ ಸತ್ತರು. ಸಾರಿನೆನ್ ಅದರ ಹಿಂದಿನ ವರ್ಷವಷ್ಟೇ ವಿಶ್ವ ಚಾಂಪಿಯನ್ ಆಗಿದ್ದ. ಪಾಸೋಲಿನಿಯ ಎಂಜಿನ್ ಜಾಮ್ ಆಗಿ ಹೀಗಾಯಿತು ಅಂತ ತನಿಖೆ ಹೇಳಿತು. ಅದಕ್ಕೆ ಮುಂಚಿನ 350 ಸಿಸಿ ರೇಸಿನಲ್ಲಿ ಟ್ರ್ಯಾಕಿಗೆ ಚೆಲ್ಲಿದ್ದ ಎಣ್ಣೆಯೇ ಕಾರಣ, ಅದನ್ನ ಒರೆಸದೇ ರೇಸ್ ಶುರು ಮಾಡಿದರು ಅಂತ ವಾದಿಸೋರು ಇವತ್ತಿಗೂ ಇದ್ದಾರೆ. ಯಾವುದು ನಿಜವೋ, ಆ ಜಗಳ ಓದುವಾಗ ನನ್ನನ್ನ ಕಾಡಿದ್ದು ಬೇರೆ. ಎಣ್ಣೆ ಚೆಲ್ಲಿದವರಿಗೆ ಅದು ಯಾರ ಮುಂದೆ ಚೆಲ್ಲಿದೆ ಅನ್ನೋದು ಗೊತ್ತೇ ಇರಲ್ಲ.

ಈಗ ನನ್ನ ವಿಷಯ. ಕೊಯಮತ್ತೂರು ಹತ್ತಿರದ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಒಂದು ಶನಿವಾರ. ರಾತ್ರಿ ಟಾಟಾ ಏಸ್‌ನಲ್ಲಿ ಬೈಕ್ ಹೇರಿಕೊಂಡು ಹೋಗಿದ್ವಿ. ಹೊರಡೋ ಹಿಂದಿನ ದಿನ ಆಫೀಸ್ ಕಾಲ್ ಮಧ್ಯೆ ಮಧ್ಯೆ ಎದ್ದು ಬಂದು ಪಾರ್ಕಿಂಗ್‌ನಲ್ಲಿ ಎಣ್ಣೆ ಬದಲಾಯಿಸಿದ್ದೆ. ಬೆಳಿಗ್ಗೆ ಸ್ಕ್ರೂಟಿನಿ. ಪರೀಕ್ಷೆ ಮಾಡೋರು ಬಗ್ಗಿ, ಡ್ರೈನ್ ಬೋಲ್ಟಿನ ತಂತಿಯನ್ನ ಬೆರಳಲ್ಲಿ ಎಳೆದು ನೋಡಿ, ಚೆನ್ನಾಗಿದೆ ಅಂತ ತಲೆ ಆಡಿಸಿ ಸ್ಟಿಕರ್ ಅಂಟಿಸಿದರು. ಹೆಲ್ಮೆಟ್ ಹಾಕಿ ಪಿಟ್‌ನಲ್ಲಿ ಸಾಲು ನಿಂತಾಗ ಹೊಳೀತು: ಬೋಲ್ಟನ್ನ ಕೈಯಲ್ಲಿ ತಿರುಗಿಸಿ ಕೂರಿಸಿದ್ದು ನೆನಪಿದೆ, ತಂತಿ ಹೆಣೆದದ್ದು ನೆನಪಿದೆ, ನಡುವೆ ಟಾರ್ಕ್ ರೆಂಚ್ ಹಾಕಿದ್ದು ನೆನಪಿಲ್ಲ.

ಸಾಲಿನಿಂದ ಹೊರಬಂದು ತಂತಿ ಕತ್ತರಿಸಿ, ಬಿಗಿದು, ಮತ್ತೆ ಕಟ್ಟೋಕೆ ಇಪ್ಪತ್ತು ನಿಮಿಷ. ಅಂದರೆ ಒಂದು ಸೆಷನ್ ಹೋಯಿತು. ತಂತಿ ಇದೆಯಲ್ಲ, ಬೀಳಲ್ಲ ಅಂದುಕೊಂಡೆ. ಹಸಿರು ಬಾವುಟ ಬಂತು, ಹೋದೆ.

ಏನೂ ಆಗಲಿಲ್ಲ. ವಾಪಸ್ ಬಂದು, ಯಾರೂ ನೋಡದ ಹಾಗೆ ತಂತಿ ಕತ್ತರಿಸಿ ರೆಂಚ್ ಹಾಕಿದೆ. ಬೋಲ್ಟು ಕಾಲು ಸುತ್ತಿಗಿಂತ ಜಾಸ್ತಿ ತಿರುಗಿತು. ವಾಷರ್ ಸುತ್ತ ಎಣ್ಣೆ ಸಣ್ಣಗೆ ಜಿನುಗಿತ್ತು.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಅನ್ನೋ ಇಬ್ಬರು ತತ್ವಶಾಸ್ತ್ರಜ್ಞರು 'ಮಾರಲ್ ಲಕ್' ಅನ್ನೋ ಪ್ರಶ್ನೆ ಎತ್ತಿದರು. ಇಬ್ಬರು ಒಂದೇ ಥರ ಅಜಾಗರೂಕತೆ ಮಾಡ್ತಾರೆ. ಒಬ್ಬನ ಗಾಡಿಗೆ ಮಗು ಅಡ್ಡ ಬರುತ್ತೆ, ಇನ್ನೊಬ್ಬನಿಗೆ ಬರಲ್ಲ. ಮಾಡಿದ್ದು ಒಂದೇ, ಆದರೆ ಒಬ್ಬನನ್ನ ಕೊಲೆಗಾರ ಅಂತೀವಿ, ಇನ್ನೊಬ್ಬ ಮನೆಗೆ ಹೋಗಿ ಊಟ ಮಾಡ್ತಾನೆ. ಅದೃಷ್ಟ ಪಾಪವನ್ನ ಕಮ್ಮಿ ಮಾಡುತ್ತಾ? ಓದುವಾಗ ನಾನು ನಿಯತ್ತಾಗಿ 'ಇಲ್ಲ' ಅಂದಿದ್ದೆ. ಆವತ್ತು ಮಧ್ಯಾಹ್ನ ಮಾತ್ರ ಎರಡು ಪರೋಟ ಜಾಸ್ತಿನೇ ತಿಂದೆ.

ಆದರೂ ನನಗೆ ಈ ಅದೃಷ್ಟದ ವಾದ ಪೂರ್ತಿ ಸಾಕಾಗಲ್ಲ. ಅಜಾಗರೂಕತೆಗಿಂತ ಕೆಟ್ಟದ್ದೇನೋ ಅಲ್ಲಿತ್ತು. ತಂತಿ ಬರೀ ತಂತಿ ಅಲ್ಲ, ಅದೊಂದು ಮಾತು. 'ಈ ಬೋಲ್ಟನ್ನ ನಾನು ಬಿಗಿದಿದ್ದೇನೆ, ಅದರ ಮೇಲೆ ಇದನ್ನೂ ಕಟ್ಟಿದ್ದೇನೆ' ಅನ್ನೋ ಮಾತು. ಸ್ಕ್ರೂಟಿನಿಯವರು ಟಾರ್ಕ್ ನೋಡೋಕಾಗಲ್ಲ, ತಂತಿ ನೋಡ್ತಾರೆ, ಉಳಿದಿದ್ದಕ್ಕೆ ನನ್ನನ್ನ ನಂಬ್ತಾರೆ. ತಂತಿ ಇಲ್ಲದ ಸಡಿಲ ಬೋಲ್ಟು ಸಿಕ್ಕಿಬೀಳ್ತಿತ್ತು. ತಂತಿ ಇದ್ದ ಸಡಿಲ ಬೋಲ್ಟು ಪಾಸಾಯಿತು. ಸಾಲಲ್ಲಿ ನಿಂತು ನೆನಪಾಗೋವರೆಗೆ ಅದು ಮರೆವು, ಒಪ್ತೀನಿ. ನೆನಪಾದ ಮೇಲೆ ಗೇರ್ ಹಾಕಿದೆನಲ್ಲ, ಅಲ್ಲಿಂದ ಅದು ಸುಳ್ಳು. ಏನನ್ನೂ ಪರೀಕ್ಷಿಸದ ಟೆಸ್ಟ್ ಕೇಸ್ ಬರೆದು ಬಿಲ್ಡ್ ಹಸಿರು ಮಾಡೋದನ್ನ ನಾವು ದಿನಾ ನೋಡ್ತೀವಿ. ಕೋಡ್ ರಿವ್ಯೂನಲ್ಲಿ ಅದಕ್ಕೆ ನಾನೇ ಎಷ್ಟು ಜನರ ಮೇಲೆ ರೇಗಿದ್ದೀನಿ.

ತಂತಿ ಹಿಡಿದುಕೊಂಡಿತಲ್ಲ, ಮತ್ತೇನು ಅಂತ ಗೆಳೆಯ ಒಬ್ಬ ಕೇಳಿದ. ಬಿಗಿತ ಸೋತಾಗ ತಂತಿ ಇರಬೇಕು, ಅದು ಎರಡನೇ ಕೈ. ನಾನು ಮೊದಲನೇ ಕೈಯನ್ನೇ ಕೊಡದೆ ಎರಡನೇದರ ಮೇಲೆ ಹತ್ತಾರು ಜನರನ್ನ ನಿಲ್ಲಿಸಿದ್ದೆ. ಅದರಲ್ಲೊಬ್ಬ ಕಾಲೇಜು ಹುಡುಗ, ಮೊದಲ ಸಲ ಟ್ರ್ಯಾಕಿಗೆ ಬಂದಿದ್ದ. ಕನ್ನಡ ಕೇಳಿ ಖುಷಿಯಾಗಿ ಬೆಳಿಗ್ಗೆ ನನ್ನ ಹತ್ತಿರ ಟೇಪ್ ಇಸ್ಕೊಂಡು ಹೆಡ್‌ಲೈಟಿಗೆ ಅಂಟಿಸಿದ್ದ. "ಅಣ್ಣಾ, ನಿಮ್ಮ ಹಿಂದೇನೇ ಬರ್ತೀನಿ, ಲೈನ್ ಕಲೀಬೇಕು" ಅಂದಿದ್ದ. ಬಂದ ಕೂಡ, ಐದಾರು ಲ್ಯಾಪ್.

ಈಗ ಟಾರ್ಕ್ ಹಾಕಿದ ತಕ್ಷಣ ಬೋಲ್ಟಿನ ತಲೆಯಿಂದ ಎಂಜಿನ್‌ವರೆಗೆ ಪೇಂಟ್ ಮಾರ್ಕರಲ್ಲಿ ಒಂದು ಗೆರೆ ಎಳೀತೀನಿ. ಗೆರೆ ಇಲ್ಲದೆ ತಂತಿ ಮುಟ್ಟಲ್ಲ.

ಹೋದ ತಿಂಗಳು ಹೊಸ ಬೋಲ್ಟು ಕೊರೆಸೋಕೆ ಹೋದಾಗ ಭಾಯ್‌ಗೆ ಇದನ್ನೆಲ್ಲ ಹೇಳಿದೆ. ಡ್ರಿಲ್ ನಿಲ್ಲಿಸಿ ಪೂರ್ತಿ ಕೇಳಿದರು.

"ಆ ಹುಡುಗನಿಗೆ ಹೇಳಿದ್ರಾ ಸಾರ್?"

"ಇಲ್ಲ ಭಾಯ್."

"ಹ್ಞೂಂ" ಅಂದು ಬೋಲ್ಟಿಗೆ ಎಣ್ಣೆ ಬಿಟ್ಟರು.