ಮುಳ್ಳಿಲ್ಲದ ಕಳ್ಳಿಯೂ ಮನುಷ್ಯನ ಪ್ರೀತಿಯೂ

ತನಗೆ ಪ್ರಿಯವಾದ ವಸ್ತುವನ್ನು ತನ್ನದಾಗಿ ಮಾಡಿಕೊಳ್ಳಬೇಕೆಂಬದು ಮನುಷ್ಯನ ಸ್ವಭಾವ. ಆ ಬಯಕೆಗೇ ಅವನು ಪ್ರೀತಿಯೆಂದು ಹೆಸರಿಡುತ್ತಾನೆ. ಆದರೆ ಇವೆರಡೂ ಒಂದೆಯೋ, ಬೇರೆಬೇರೆಯೋ? ಇದನ್ನು ವಿಚಾರಿಸುವದಕ್ಕೆ ಒಂದು ಅಲ್ಪವಾದ ಗಿಡದ ವೃತ್ತಾಂತವು ಸಾಕಾಗಿದೆ.

ಬೇಲಿಯ ಮೇಲಣ ಪಾಪಾಸುಕಳ್ಳಿಯನ್ನು ಅರಿಯದವರಿಲ್ಲ. ಅದರ ಮೂಲಸ್ಥಾನವು ಅಮೇರಿಕಾ ಖಂಡ. ಅದೇ ವಂಶದಲ್ಲಿ ಏರಿಯೋಕಾರ್ಪಸ್ ಎಂಬ ಕುಲವೊಂದುಂಟು. ಸಸ್ಯಶಾಸ್ತ್ರಜ್ಞರು ಇದಕ್ಕೆ ಈ ಹೆಸರನ್ನಿಟ್ಟದ್ದು 1838ರಲ್ಲಿ. ಮೆಕ್ಸಿಕೋ ದೇಶದ ಮತ್ತು ಟೆಕ್ಸಾಸ್ ಪ್ರಾಂತದ ಒಣನೆಲವೇ ಇದರ ತವರು. ಬಲಿತ ಗಿಡಕ್ಕೆ ಮುಳ್ಳುಗಳಿಲ್ಲ. ತ್ರಿಕೋನಾಕಾರದ ಗಂಟುಗಳು ಒಂದಕ್ಕೊಂದು ಹೊಂದಿಕೊಂಡು, ಬಿರಿದ ಕಲ್ಲಿನಂತೆ ನೆಲದ ಮಟ್ಟದಲ್ಲಿರುತ್ತವೆ. ಕೆಳಗೆ ಗಡ್ಡೆಯಂತಹ ತಾಯಿಬೇರು. ಬರಗಾಲದಲ್ಲಿ ಗಿಡವು ಕುಗ್ಗಿ ಮಣ್ಣಿನೊಳಗೆ ಸರಿಯುವದು. ಶರತ್ಕಾಲದಲ್ಲಿ ನೆತ್ತಿಯ ಉಣ್ಣೆಯ ನಡುವಿನಿಂದ ಹೂವು ಅರಳುತ್ತದೆ. ಬೀಜದಿಂದ ಬೆಳೆಸಿದರೆ ಮೊದಲ ಹೂವಿಗೆ ಸುಮಾರು ಹತ್ತು ವರ್ಷ ಕಾಯಬೇಕಾದೀತು.

ಮುಳ್ಳನ್ನು ಬಿಟ್ಟ ಈ ಗಿಡಕ್ಕೆ ಕಲ್ಲಿನ ವೇಷವೂ, ಒಳಗಿನ ಕಹಿರಸವೂ ರಕ್ಷಣೆಯಾದವು. ಮೇಯುವ ಪಶುವಿನಿಂದ ಉಳಿಯಲು ಇಷ್ಟು ಸಾಕು; ಮೆಚ್ಚುವ ಮನುಷ್ಯನಿಂದ ಉಳಿಯಲು ಸಾಲದು. ಹತ್ತಾರು ವರ್ಷ ಬೆಳೆದ ಗಿಡವನ್ನು ಬೇರುಸಹಿತ ಕಿತ್ತು, ಸಂಗ್ರಹಕಾರರಿಗೆ ಮಾರುವ ಕೆಲಸವು ಬಹುಕಾಲದಿಂದ ನಡೆದು ಬಂದಿದೆ. ಆದಕಾರಣ ಈ ಇಡೀ ಕುಲವನ್ನು 1973ರ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಡಂಬಡಿಕೆಯ ಮೊದಲನೆಯ ಅನುಬಂಧದಲ್ಲಿ ಸೇರಿಸಿದ್ದಾರೆ. ಕಾಡಿನಿಂದ ಕಿತ್ತದ್ದನ್ನು ದೇಶದಿಂದ ದೇಶಕ್ಕೆ ಮಾರುವಂತಿಲ್ಲ. ಬೀಜದಿಂದ ಬೆಳೆಸಿದ್ದನ್ನು ಪರವಾನಿಗೆಯಿಂದ ಸಾಗಿಸಬಹುದು. ಆದರೂ ಕಳವು ನಿಂತಿಲ್ಲ. ಹೀಗೆ ಈ ಗಿಡಕ್ಕೆ ಕೇಡು ಬಂದದ್ದು ಅದನ್ನು ದ್ವೇಷಿಸಿದವರಿಂದಲ್ಲ, ಮೆಚ್ಚಿದವರಿಂದಲೇ.

ಕೊಳ್ಳುವವನಲ್ಲಿಯೂ ಒಂದು ಸಮಾಧಾನವಿರುತ್ತದೆ: ‘ಗಿಡವಂತೂ ಮೊದಲೇ ಕಿತ್ತದ್ದು, ನಾನು ಬಿಟ್ಟರೆ ಮತ್ತೊಬ್ಬನು ಕೊಂಡಾನು, ನನ್ನಲ್ಲಿಯಾದರೂ ಅದು ಸುಖವಾಗಿದ್ದೀತು.’ ಈ ಮಾತು ನಿಲ್ಲುವದಿಲ್ಲ. ಇಂದು ಕೊಟ್ಟ ಬೆಲೆಯೇ ನಾಳೆ ಕೀಳುವವನ ಕೂಲಿ. ಅದಲ್ಲದೆ ಅವನು ಕೊಂಡದ್ದು ಗಿಡವನ್ನಷ್ಟೇ ಅಲ್ಲ. ಅದು ಬಿಸಿಲಿನಲ್ಲಿಯೂ ಬರದಲ್ಲಿಯೂ ಕಳೆದ ವರುಷಗಳನ್ನು. ಆ ವರುಷಗಳನ್ನು ಮಾರುವ ಅಧಿಕಾರ ಯಾರಿಗೂ ಇರಲಿಲ್ಲ. ಒಡೆಯನು ಕೊಡದ್ದನ್ನು ಕೊಂಡರೂ ಅದು ಸ್ತೇಯವೇ.

ಇನ್ನು ಸುಖದ ಮಾತು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ. ಅದರ ಬಹುಭಾಗವು ಜೂನದಿಂದ ಸೆಪ್ಟೆಂಬರದೊಳಗೆ ಸುರಿಯುವದು. ಈ ಗಿಡದ ತವರಿನಲ್ಲಿ ಬೀಳುವ ಮಳೆ ಅದರ ಹತ್ತನೆಯ ಒಂದು ಪಾಲಿನ ಆಸುಪಾಸು. ಸೂರಿನ ಕೆಳಗಿಟ್ಟು, ಕಲ್ಲುಹರಳು ಬೆರೆತ ಮಣ್ಣನ್ನು ಹಾಕಿ, ಕುಂಡ ಪೂರ್ಣ ಒಣಗಿದ ಮೇಲೆಯೇ ನೀರುಣಿಸದಿದ್ದರೆ, ಮರುಭೂಮಿಯಲ್ಲಿ ಮೂವತ್ತು ವರ್ಷ ಬಾಳಿದ್ದು ಇಲ್ಲಿ ಒಂದು ಆಷಾಢದಲ್ಲಿ ಕೊಳೆತು ಹೋದೀತು. ಕಾಪಾಡಲಾರದ್ದನ್ನು ತರುವದು ಪ್ರೀತಿಯ ಲಕ್ಷಣವಲ್ಲ.

ಹಾಗಾದರೆ ಗಿಡವನ್ನು ಪ್ರೀತಿಸುವ ಸರಿಯಾದ ರೀತಿ ಯಾವದು? ಇದಕ್ಕೆ ಮೆಕ್ಸಿಕೋದವರೆಗೆ ಹೋಗಬೇಕಾಗಿಲ್ಲ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿಗರ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನೆಯಲ್ಲಿ ದುಡಿದ ಅವರು, ಕಾಡಿನಲ್ಲಿ ತಾಯಿಮರ ಯಾವದೆಂದು ಗುರುತಿಸಿ, ಅದರ ಬೀಜದಿಂದ ಸಸಿಮಾಡಿ ಬೆಳೆಸುತ್ತಿದ್ದರು. 2020ನೆಯ ಸಾಲಿನ ಪದ್ಮಶ್ರೀ ಅವರಿಗೆ ಸಂದಿತು. 2024ರ ಡಿಸೆಂಬರ 16ರಂದು ಅವರು ತೀರಿಕೊಂಡರು. ಅವರು ಬೆಳೆಸಿದ್ದು ಕಾಡಿನ ಮರಗಳನ್ನು, ಕಳ್ಳಿಯನ್ನಲ್ಲ. ಆದರೆ ನೀತಿ ಒಂದೇ. ಬೀಜವನ್ನು ತಂದರು, ತಾಯಿಯನ್ನು ಅದರ ನೆಲೆಯಲ್ಲಿಯೇ ಬಿಟ್ಟರು. ಹೂವಿಗೆ ನೋವಾಗದಂತೆ ಜೇನುಹುಳವು ಮಧುವನ್ನು ತರುವ ಈ ಮಾಧುಕರವೃತ್ತಿಯನ್ನೇ ಹಿರಿಯರು ಧರ್ಮವೆಂದರು.

ಆದರೆ ಒಂದು ಕಠಿಣ ಪ್ರಶ್ನೆ ಉಳಿಯುತ್ತದೆ. ಅರವತ್ತು ದಾಟಿದವನು ಮಾವಿನ ಸಸಿಯನ್ನು ನೆಟ್ಟರೆ ಮೊಮ್ಮಕ್ಕಳು ಹಣ್ಣು ತಿಂದಾರು. ಈ ಕಳ್ಳಿಗೆ ಹಣ್ಣಿಲ್ಲವೆನ್ನುವಷ್ಟು ಅಲ್ಪ, ನೆರಳಿಲ್ಲ. ಹೂವು ಬಿಡುವ ಹೊತ್ತಿಗೆ ಬಿತ್ತಿದವನು ಇರುವನೋ ಇಲ್ಲವೋ! ಬೇರೆ ಕಳ್ಳಿಗೆ ಕಸಿಕಟ್ಟಿ ಬೇಗ ಬೆಳೆಸುವ ಉಪಾಯವೇನೋ ಉಂಟು; ಅದರಲ್ಲಿ ದೋಷವಿಲ್ಲ. ಆದರೂ ಕಾಯುವದನ್ನು ಅದು ಪೂರ್ಣ ತಪ್ಪಿಸಲಾರದು. ಹೀಗಿರಲು ಬಿತ್ತುವದೇಕೆ?

ಇದೇ ಆ ಎರಡನ್ನೂ ಬೇರ್ಪಡಿಸುವ ಒರೆಗಲ್ಲು. ಕಾಯುವ ಕಷ್ಟವನ್ನು ತಾನು ಹೊತ್ತರೆ ಅದು ಪ್ರೀತಿ. ಮೆಚ್ಚಿದ ವಸ್ತುವಿನ ಆಯುಷ್ಯದಿಂದಲೇ ಆ ಕಷ್ಟವನ್ನು ತೀರಿಸಿಕೊಂಡರೆ ಅದು ಬರಿಯ ಆಸೆ. ಬಿತ್ತಿದವನು ಹೂವನ್ನು ಕಾಣದಿದ್ದರೂ, ಒಂದು ಜೀವವನ್ನು ಅದರ ನಡಿಗೆಯಲ್ಲಿಯೇ ನಡೆಯಗೊಟ್ಟನು. ಅವನ ಪಾಲಿನ ಫಲ ಅಲ್ಲಿಗೆ ಸಂದಿತು. ಆದುದರಿಂದ ಕಳ್ಳಿಯ ಕುಂಡವನ್ನು ಮನೆಗೆ ತರಲಿಚ್ಛಿಸುವವರು ಬೆಲೆಯನ್ನು ಕೇಳುವ ಮೊದಲು, ಅದು ಬೀಜದಿಂದ ಬಂದದ್ದೋ, ನೆಲದಿಂದ ಕಿತ್ತದ್ದೋ ಎಂದು ಕೇಳತಕ್ಕದ್ದು. ಉತ್ತರ ಸ್ಪಷ್ಟವಾಗಿ ಬಾರದಿದ್ದರೆ ಬರಿಗೈಯಿಂದ ಮರಳುವದೇ ಲೇಸು.