ಮಾರುವವನ ಮಾತು ಯಾವಾಗ ಪ್ರಮಾಣ?

ಬೆಂಗಳೂರಿನ ವಿಮಾನಪುರದಲ್ಲಿ ಸಮವಸ್ತ್ರಕ್ಕೆ ಗೌರವ ಹೆಚ್ಚು. 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆಯ ಆಸುಪಾಸಿನಲ್ಲಿ ಬೆಳೆದ ಊರು ಇದು. ಹಳೆ ಏರ್‌ಪೋರ್ಟ್ ರಸ್ತೆಯಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆಯಿದೆ, ಸಿ.ವಿ. ರಾಮನ್ ನಗರದಲ್ಲಿ ರಕ್ಷಣಾ ಪ್ರಯೋಗಾಲಯಗಳಿವೆ. ‘ಏರ್‌ಫೋರ್ಸ್‌ನಲ್ಲಿದ್ದೇನೆ, ಪೋಸ್ಟಿಂಗ್ ಬಂದಿದೆ, ಟೆಲಿಸ್ಕೋಪನ್ನು ಅರ್ಧ ಬೆಲೆಗೆ ಕೊಟ್ಟು ಹೋಗುತ್ತೇನೆ’ ಎಂದು ಆನ್‌ಲೈನಿನಲ್ಲಿ ಯಾರಾದರೂ ಬರೆದರೆ ಇಲ್ಲಿನವರಿಗೆ ಅನುಮಾನವೇ ಬರುವುದಿಲ್ಲ. ಪಕ್ಕದ ಮನೆಯವರೇ ಹೋದ ತಿಂಗಳು ಹಾಗೆ ಸಾಮಾನು ಮಾರಿ ಹೋಗಿರುತ್ತಾರೆ.

ವಂಚಕರಿಗೆ ಬೇಕಾಗಿರುವುದೂ ಇದೇ. ಸೇನೆಯವರ ಸೋಗು ಹಾಕಿ ಹಳೆ ಬೈಕು, ಕಾರು ಮಾರುವ ನೆಪದಲ್ಲಿ ಹಣ ಕಿತ್ತ ಪ್ರಕರಣಗಳು ಬೆಂಗಳೂರೂ ಸೇರಿದಂತೆ ಹಲವು ನಗರಗಳ ಪೊಲೀಸರ ಮುಂದೆ ಬಂದಿವೆ. ವರಸೆ ಹೆಚ್ಚುಕಡಿಮೆ ಒಂದೇ. ವಾಟ್ಸ್ಆ್ಯಪ್‌ಗೆ ಗುರುತಿನ ಚೀಟಿಯ, ಕ್ಯಾಂಟೀನ್ ಕಾರ್ಡಿನ ಫೋಟೊ ಬರುತ್ತದೆ. ನೋಡಲು ಬರುತ್ತೇವೆಂದರೆ ಒಳಗೆ ಹೊರಗಿನವರನ್ನು ಬಿಡುವುದಿಲ್ಲ ಎಂಬ ಉತ್ತರ. ವಸ್ತು ಸೇನೆಯ ಪಾರ್ಸೆಲ್‌ನಲ್ಲೇ ಬರುತ್ತದಂತೆ. ಮೊದಲು ಚೂರು ಮುಂಗಡ, ಆಮೇಲೆ ಗೇಟ್‌ಪಾಸ್, ಆಮೇಲೆ ‘ವಾಪಸ್ ಸಿಗುವ’ ಇನ್ನೊಂದು ಮೊತ್ತ. ಟೆಲಿಸ್ಕೋಪು ಈ ಬಲೆಗೆ ಸುಲಭವಾಗಿ ಸಿಕ್ಕುತ್ತದೆ. ಅದರ ನಿಜವಾದ ಬೆಲೆ ಬಲ್ಲವರು ಕಡಿಮೆ, ಬಯಸುವವರ ಆಸೆ ದೊಡ್ಡದು.

ಕಾಣದವನ ಮಾತನ್ನು ಯಾವ ಆಧಾರದ ಮೇಲೆ ನಂಬಬೇಕು? ಭಾರತದ ದರ್ಶನಗಳು ಶತಮಾನಗಟ್ಟಲೆ ಜಗ್ಗಾಡಿದ ಪ್ರಶ್ನೆ ಇದು. ಪ್ರತ್ಯಕ್ಷವೊಂದೇ ಪ್ರಮಾಣ ಎಂದರು ಚಾರ್ವಾಕರು. ಬೌದ್ಧ ತಾರ್ಕಿಕ ದಿಙ್ನಾಗ ಮಾತನ್ನು ಅನುಮಾನದೊಳಗೇ, ಅಂದರೆ ತರ್ಕದ ಊಹೆಯೊಳಗೇ, ಸೇರಿಸಿದ. ನ್ಯಾಯದರ್ಶನದ ನೈಯಾಯಿಕರಾದರೋ ಆಪ್ತನ ಮಾತಿಗೆ ಪ್ರತ್ಯೇಕ ಪ್ರಮಾಣದ ಪಟ್ಟ ಕೊಟ್ಟರು. ಆಪ್ತನೆಂದರೆ ಯಾರು ಎಂಬುದಕ್ಕೆ ನ್ಯಾಯಭಾಷ್ಯಕಾರ ವಾತ್ಸ್ಯಾಯನ ಕೊಟ್ಟ ಲಕ್ಷಣ ಇವತ್ತಿಗೂ ಬೆರಗು ಹುಟ್ಟಿಸುತ್ತದೆ: ವಿಷಯವನ್ನು ತಾನೇ ನೇರವಾಗಿ ಅರಿತವನು, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದೂ ಅವನು ಸೇರಿಸುತ್ತಾನೆ. ಕುಲಕ್ಕೆ ಅಲ್ಲಿ ಜಾಗವಿಲ್ಲ, ಹುದ್ದೆಗೂ ಇಲ್ಲ. ಲೆನ್ಸಿನಲ್ಲಿ ಬೂಷ್ಟು ಹಿಡಿದಿದೆಯೇ ಎಂಬುದನ್ನು ಹೇಳಬಲ್ಲವನು ಅದನ್ನು ಬಳಸಿದವನು. ಅವನು ವಿಂಗ್ ಕಮಾಂಡರ್ ಆಗಿದ್ದರೂ ಒಂದೇ, ಗುಜರಿ ಅಂಗಡಿಯವನಾಗಿದ್ದರೂ ಒಂದೇ.

ಗುರುತಿನ ಚೀಟಿಯ ಫೋಟೊವನ್ನೂ ನ್ಯಾಯದರ್ಶನದ ಕಣ್ಣಿನಿಂದ ನೋಡಬೇಕು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ, ಆದ್ದರಿಂದ ಬೆಂಕಿಯನ್ನು ಊಹಿಸಲು ಹೊಗೆ ಒಳ್ಳೆಯ ಹೇತು. ಚೀಟಿಯ ಫೋಟೊ ಯೋಧನ ಬಳಿಯೂ ಇರಬಹುದು, ಕದ್ದವನ ಫೋನಿನಲ್ಲೂ ಇರಬಹುದು. ಎರಡೂ ಕಡೆ ಇರುವ ಹೇತು ವ್ಯಭಿಚಾರಿ, ಅಂದರೆ ದಾರಿ ತಪ್ಪಿಸುವ ಕುರುಹು. ಅದರಿಂದ ಏನೂ ಸಿದ್ಧವಾಗುವುದಿಲ್ಲ.

ಹಾಗೆಂದು ಎಲ್ಲರನ್ನೂ ಎಲ್ಲವನ್ನೂ ಶಂಕಿಸಿ ಬದುಕಲಾಗದು. ಮೀಮಾಂಸಕ ಕುಮಾರಿಲ ಭಟ್ಟ ಹಿಡಿದ ಹಟ ಇದೇ: ಜ್ಞಾನ ತಾನಾಗಿಯೇ ಪ್ರಮಾಣ, ಅದನ್ನು ಸುಳ್ಳಾಗಿಸುವ ಬಾಧಕ ಎದುರಾದರೆ ಮಾತ್ರ ಬಿಡಬೇಕು, ಪ್ರತಿ ಅರಿವಿಗೂ ಇನ್ನೊಂದು ಸಾಕ್ಷಿ ಕೇಳುತ್ತ ಹೋದರೆ ಕೊನೆಯೇ ಇಲ್ಲ. ನೈಯಾಯಿಕರು ಒಪ್ಪಲಿಲ್ಲ. ನೀರೆಂದು ತಿಳಿದದ್ದು ನೀರೇ ಎಂದು ಖಚಿತವಾಗುವುದು ಕುಡಿದು ದಾಹ ತೀರಿದಾಗ ಎಂದರು. ಉಡುಪಿಯ ಮಧ್ವಾಚಾರ್ಯರು ಜ್ಞಾನ ತಾನಾಗಿಯೇ ಪ್ರಮಾಣವೆಂಬ ಸ್ವತಃಪ್ರಾಮಾಣ್ಯವನ್ನೇ ಒಪ್ಪಿದರೂ, ಸಂಶಯ ಎದ್ದ ಕಡೆ ಪರೀಕ್ಷೆಗೆ ಜಾಗ ಬಿಟ್ಟು, ಕೊನೆಯ ತೀರ್ಮಾನವನ್ನು ಒಳಗಿನ ಸಾಕ್ಷಿಗೆ ಒಪ್ಪಿಸಿದರು. ಮೋಸಗಾರನ ಕಸುಬು ನಡೆಯುವುದು ನಂಬಿಕೆ ಮತ್ತು ಖಾತ್ರಿಯ ನಡುವೆ. ನಂಬಿಕೆ ಮೂಡಿದ ಮೇಲೆ, ದಾಹ ತೀರುವ ಮೊದಲು, ಹಣ ಕೈಬದಲಾಗಬೇಕು. ಅವನ ಅವಸರವೆಲ್ಲ ಅದಕ್ಕೇ. ‘ಇನ್ನೊಬ್ಬರು ಕೇಳುತ್ತಿದ್ದಾರೆ, ಇವತ್ತೇ ಟೋಕನ್ ಹಾಕಿ’ ಎಂಬ ಮಾತೇ ಪರೀಕ್ಷೆಯನ್ನು ಬೇಡುವ ಬಾಧಕ.

ಪರೀಕ್ಷೆ ಮಾಡುವ ಬಗೆಗೂ ನ್ಯಾಯಸೂತ್ರದಲ್ಲಿ ಒಂದು ದಾರಿಯಿದೆ. ಮಂತ್ರ, ಆಯುರ್ವೇದಗಳ ಮಾತು ಕಣ್ಣೆದುರು ಫಲಿಸುವುದನ್ನು ಕಂಡು, ಕಾಣದ ವಿಷಯದಲ್ಲೂ ವೇದವನ್ನು ನಂಬಬಹುದೆಂದು ಅದು ವಾದಿಸುತ್ತದೆ. ವೇದದ ಮಟ್ಟಿಗೆ ಈ ವಾದ ಎಷ್ಟು ಗಟ್ಟಿಯೆಂಬ ಚರ್ಚೆ ಬೇರೆ. ಸಂತೆಗೆ ಇದು ಚೆನ್ನಾಗಿ ಒದಗುತ್ತದೆ. ತಾಳೆ ನೋಡಬಹುದಾದ ಸಣ್ಣ ಮಾತುಗಳನ್ನು ಮೊದಲು ಕೇಳಬೇಕು. 2025ರಲ್ಲಿ ಶನಿಯ ಬಳೆಗಳು ಇದರಲ್ಲಿ ಹೇಗೆ ಕಂಡವು? ಆ ವರ್ಷದ ಮಾರ್ಚ್‌ನಲ್ಲಿ ಭೂಮಿ ಬಳೆಗಳ ಸಮತಲವನ್ನು ದಾಟಿತು. ವರ್ಷವಿಡೀ ಅವು ತೆಳ್ಳಗಿನ ಗೆರೆಯಂತಿದ್ದವು. ನಿಜವಾಗಿ ನೋಡಿದವರು ಅದನ್ನೇ ಹೇಳುತ್ತಾರೆ, ಕೆಲವರು ಬೇಸರಪಟ್ಟುಕೊಂಡೇ ಹೇಳುತ್ತಾರೆ. ‘ಅಗಲವಾಗಿ, ಕ್ಯಾಲೆಂಡರಿನ ಚಿತ್ರದ ಹಾಗೆ’ ಎಂದವನು ನೋಡಿಲ್ಲ. ಹಾಗೆಯೇ 76 ಮಿಲಿಮೀಟರ್ ಕನ್ನಡಿಗೆ ‘675 ಪಟ್ಟು’ ಎಂದು ಬರೆದಿದ್ದರೆ ಅನುಮಾನಿಸಬೇಕು. ವ್ಯಾಸದ ಪ್ರತಿ ಮಿಲಿಮೀಟರಿಗೆ ಸುಮಾರು ಎರಡು ಪಟ್ಟು ಎಂಬುದು ಉಪಯುಕ್ತ ವರ್ಧನೆಯ ಮಿತಿ. ಆ ಕನ್ನಡಿ 150ರ ಆಚೆಗೆ ಮಸುಕನ್ನೇ ದೊಡ್ಡದು ಮಾಡುತ್ತದೆ. ಪೆಟ್ಟಿಗೆಯ ಮೇಲೆ ಹೀಗೆ ಅಚ್ಚುಹಾಕಿದ ಅಗ್ಗದ ಉಪಕರಣಗಳೂ ಇರುವುದರಿಂದ, ಇದೊಂದರಿಂದಲೇ ಮಾರುವವನು ಕಳ್ಳನೆನ್ನಲಾಗದು. ವಸ್ತು ದಂಡ ಎನ್ನಲು ಅಷ್ಟು ಸಾಕು. ಇನ್ನು ಫೋಟೊ: ಇಂದಿನ ಪತ್ರಿಕೆಯನ್ನು ಪಕ್ಕದಲ್ಲಿಟ್ಟು, ಸೀರಿಯಲ್ ನಂಬರ್ ಕಾಣುವಂತೆ ತೆಗೆದು ಕಳಿಸಿ ಎಂದರೆ, ಬೇರೆಲ್ಲಿಂದಲೋ ಚಿತ್ರ ಎತ್ತಿದವನು ಅಲ್ಲೇ ಸಿಕ್ಕಿಬೀಳುತ್ತಾನೆ.

ಇಷ್ಟೆಲ್ಲ ಕೇಳಿದರೆ ಪ್ರಾಮಾಣಿಕನಿಗೆ ನೋವಾಗದೇ ಎಂಬ ಅಳುಕು ಸಜ್ಜನರಿಗೆ ಸಹಜ. ಆಗುವುದಿಲ್ಲ. ಟೆಲಿಸ್ಕೋಪನ್ನು ಪ್ರೀತಿಯಿಂದ ಬಳಸಿದವರು ಅದರ ಬಗ್ಗೆ ಯಾರಾದರೂ ಕೇಳಲೆಂದೇ ಕಾಯುತ್ತಿರುತ್ತಾರೆ. ಟೆರೇಸಿಗೆ ಕರೆದು ತೋರಿಸುತ್ತಾರೆ. ಅಲ್ಲಿ ಒಂದು ನಕ್ಷತ್ರವನ್ನು ಫೋಕಸ್‌ನ ಆಚೆಗೂ ಈಚೆಗೂ ಸರಿಸಿ ನೋಡಬೇಕು. ಎರಡೂ ಕಡೆ ಉಂಗುರಗಳು ದುಂಡಗೆ, ಏಕಕೇಂದ್ರವಾಗಿ ಕಂಡರೆ ಕನ್ನಡಿಗಳು ಸರಿಯಾಗಿ ಕೂತಿವೆ. ಹಣ ಕೊಡುವ ಹೊತ್ತು ಅದರ ನಂತರದ್ದು. ಮಾರುವವರಿಗೂ ಒಂದು ಎಚ್ಚರಿಕೆ ಬೇಕು: ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ‘ಈ ಕ್ಯುಆರ್ ಸ್ಕ್ಯಾನ್ ಮಾಡಿ, ಹಣ ಬರುತ್ತದೆ’ ಎಂದವನು ಕದಿಯಲೆಂದೇ ಬಂದವನು.

ಹಣ ಹೋದ ಮೇಲೆ ಹಲವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಇಲ್ಲಿ ಕುಮಾರಿಲನ ಮಾತು ನೆರವಿಗೆ ಬರಬೇಕು: ಮಾತಿನಲ್ಲಿ ದೋಷ ಹುಟ್ಟುವುದು ಆಡಿದವನಿಂದ ಎಂಬುದು ಅವನ ನಿಲುವು. ಕೇಳಿ ನಂಬಿದವರು ಅಪರಾಧಿಗಳಲ್ಲ. ಕಾನೂನೂ ಹಾಗೆಯೇ ಹೇಳುತ್ತದೆ. ಕಂಪ್ಯೂಟರ್ ಅಥವಾ ಫೋನ್ ಬಳಸಿ ಬೇರೊಬ್ಬರ ಸೋಗಿನಲ್ಲಿ ವಂಚಿಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸವಿದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿದರೆ, ಹಣ ಖಾತೆಯಿಂದ ಖಾತೆಗೆ ಹಾರಿ ಕೈತಪ್ಪುವ ಮೊದಲೇ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.